ಚೌಕಟ್ಟಿನ ಹೊರಗೆ ಉಳಿದದ್ದು

(ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಬೆಟ್ಟ, ಹಳ್ಳಗಳ ಸ್ಥಿತಿಯನ್ನು ಛಾಯಾಚಿತ್ರಗಳಲ್ಲಿ ದಾಖಲಿಸುವ ಕಾರ್ಯಕ್ಕೆ ನೀವು ಹೊರಟಿದ್ದೀರಿ. ಆ ಚಿತ್ರಗಳು ನಾಳೆ ಗ್ರಾಮಸಭೆಯ ಮುಂದೆ, ಅಧಿಕಾರಿಗಳ ಮುಂದೆ ಸಾಕ್ಷಿಯಾಗಿ ನಿಲ್ಲಬೇಕು. ಆದ್ದರಿಂದ ಮೊದಲು ನನ್ನಿಂದಾದ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ.

2019ರ ಏಪ್ರಿಲ್ ತಿಂಗಳಿನಲ್ಲಿ ವಿಜಯಪುರ ಜಿಲ್ಲೆ ತಿಕೋಟಾ ತಾಲ್ಲೂಕಿನ ಕಳ್ಳಕವಟಗಿಗೆ ಹೋಗಿದ್ದೆ. ಅದು ಬರದ ವರ್ಷ. ದ್ರಾಕ್ಷಿ ತೋಟವೊಂದರಲ್ಲಿ ಎಲೆಯೊಂದೂ ಇಲ್ಲದ ಬೋಳು ಬಳ್ಳಿಗಳು, ಬುಡದಲ್ಲಿ ಬಿರುಕುಬಿಟ್ಟ ಕಪ್ಪು ಮಣ್ಣು ಕಂಡವು. ಮೊಣಕಾಲೂರಿ, ಬಿರುಕು ದೊಡ್ಡದಾಗಿ ಕಾಣುವಂತೆ ಚಿತ್ರ ತೆಗೆದೆ. ಊರಿಗೆ ಮರಳಿ ಸಭೆಯೊಂದರಲ್ಲಿ ಅದನ್ನು ತೋರಿಸಿ, ‘ಬರಕ್ಕೆ ಬಲಿಯಾದ ತೋಟ’ ಎಂದೆ. ಸಭೆ ಮರುಗಿತು.

ಆ ಚಿತ್ರವನ್ನು ತೋಟದ ಯಜಮಾನರಿಗೂ ಕಳುಹಿಸಿದೆ. ಅವರು ಫೋನಿನಲ್ಲಿ ನಕ್ಕರು: “ಬಳ್ಳಿ ಸತ್ತಿಲ್ರೀ ಸರ, ಚಾಟ್ನಿ ಮಾಡೀವಿ. ಹಿಂದ ಹೊಳ್ಳಿ ನೋಡಿದ್ರ ಶೆಡ್ ಕಾಣ್ತಿತ್ತು.”

ಆ ಭಾಗದಲ್ಲಿ ದ್ರಾಕ್ಷಿಗೆ ವರ್ಷಕ್ಕೆ ಎರಡು ಬಾರಿ ಸವರುವಿಕೆ. ಕೊಯ್ಲು ಮುಗಿದ ಮೇಲೆ ಏಪ್ರಿಲ್ ಸುಮಾರಿಗೆ ಹೊಸ ರೆಂಬೆಗಾಗಿ ಒಮ್ಮೆ, ಅಕ್ಟೋಬರ್ ಸುಮಾರಿಗೆ ಹಣ್ಣಿಗಾಗಿ ಮತ್ತೊಮ್ಮೆ. ಮಳೆ ಚೆನ್ನಾಗಿ ಬಂದ ವರ್ಷವೂ ಬಳ್ಳಿ ಕೆಲವು ದಿನ ಬೋಳಾಗಿಯೇ ಇರುತ್ತದೆ. ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ನನಗೆ ಇದು ಹೊಳೆಯಲಿಲ್ಲ. ಅಡಿಕೆ, ಮೆಣಸಿನ ನಡುವೆ ಇರುವವನು ಎಂಬುದು ಇದಕ್ಕೆ ಸಮಾಧಾನವಲ್ಲ, ಕೇಳಬಹುದಿತ್ತು, ಕೇಳಲಿಲ್ಲ.

ಅಂದು ತೆಗೆದ ಇನ್ನೆರಡು ಚಿತ್ರಗಳೂ ನನ್ನಲ್ಲಿದ್ದವು. ಒಂದರಲ್ಲಿ ಅದೇ ತೋಟದ ಹಿಂದಿನ ಶೆಡ್. ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಒಣಗುತ್ತಿದ್ದ ದ್ರಾಕ್ಷಿ. ಇನ್ನೊಂದರಲ್ಲಿ ರಸ್ತೆಯಾಚೆ ಕೃಷಿ ಹೊಂಡಕ್ಕೆ ನೀರು ಸುರಿಯುತ್ತಿದ್ದ ಟ್ಯಾಂಕರ್, ಪಕ್ಕದಲ್ಲಿ ಕೊಳವೆಬಾವಿ ಬತ್ತಿದ್ದರಿಂದ ಬಳ್ಳಿ ಕಿತ್ತುಹಾಕಿದ ಹೊಲ. ಮನ ಕಲಕುವುದಿಲ್ಲವೆಂದು ಅವನ್ನು ಬಿಟ್ಟಿದ್ದೆ. ನಿಜವಾದ ಬರ ಇದ್ದದ್ದು ನಾನು ಬಿಟ್ಟ ಆ ಕೊನೆಯ ಚಿತ್ರದಲ್ಲಿ: ಬೆಳೆ ಕೈಗೆ ಬಂದರೂ ನೀರನ್ನು ಕೊಂಡು ಬಳ್ಳಿ ಉಳಿಸಿಕೊಳ್ಳಬೇಕಾದ ಸಂಕಟದಲ್ಲಿ.

ನಷ್ಟ ಅಷ್ಟಕ್ಕೇ ನಿಲ್ಲಲಿಲ್ಲ. ಸಭೆಯಲ್ಲಿದ್ದ ದ್ರಾಕ್ಷಿ ಬಲ್ಲ ಒಬ್ಬರಿಗೆ ವಿಷಯ ಗೊತ್ತಾಯಿತು. ಮುಂದೆ ನಮ್ಮ ಗುಡ್ಡ ಕುಸಿದ ಚಿತ್ರವನ್ನು ತೋರಿಸಿದಾಗ ಅವರು, “ಇದನ್ನೂ ಹಾಗೆಯೇ ತೆಗೆದಿರಾ?” ಎಂದು ಕೇಳಿದರು. ಆ ಚಿತ್ರ ಸತ್ಯವೇ ಆಗಿತ್ತು. ಆದರೂ ನನ್ನಲ್ಲಿ ಉತ್ತರವಿರಲಿಲ್ಲ.

ಕ್ಯಾಮೆರಾ ಸುಳ್ಳು ಹೇಳುವುದಿಲ್ಲವೆಂಬ ಮಾತು ಅರ್ಧ ಸತ್ಯ. ವಿಜಯಪುರದ ಗೋಲಗುಮ್ಮಟವನ್ನೇ ನೋಡಿ. ನೇರ ಮುಂದಿನಿಂದ ಬಂದರೆ ಎದುರಿನ ನಗಾರಖಾನೆ, ಅಂದರೆ ಈಗಿನ ವಸ್ತುಸಂಗ್ರಹಾಲಯ, ಅಡ್ಡ ನಿಲ್ಲುತ್ತದೆ. ಗೋಡೆಯ ಬುಡಕ್ಕೆ ಹೋದರೆ ಮೂಲೆಯ ಏಳಂತಸ್ತಿನ ಗೋಪುರವೇ ಕಣ್ಣು ತುಂಬುತ್ತದೆ. ದೂರ ಸರಿದಾಗ ಮಾತ್ರ ಗುಮ್ಮಟ ತನ್ನ ಗಾತ್ರದಲ್ಲಿ ಕಾಣುತ್ತದೆ. ಕಟ್ಟಡ ಒಂದೇ, ನಿಂತ ಜಾಗ ಬೇರೆ. ಹಾಗೆಯೇ ದೂರದಿಂದ ಟೆಲಿ ಲೆನ್ಸಿನಲ್ಲಿ ತೆಗೆದರೆ, ಆಚೆಯ ಗುಡ್ಡ ಮನೆಯ ಬೆನ್ನಿಗೇ ಬಂದು ನಿಂತಂತೆ ತೋರುತ್ತದೆ.

ಚರಿತ್ರೆಯಲ್ಲಿ ಇದಕ್ಕಿಂತ ಕಠೋರ ನಿದರ್ಶನವಿದೆ. 1876-78ರ ಮಹಾಕ್ಷಾಮದಲ್ಲಿ ಮದ್ರಾಸ್ ಪ್ರಾಂತ್ಯದ ಹಸಿದ ಜನರನ್ನು ಗುಂಪಾಗಿ ಕೂರಿಸಿ, ಸೇನಾಧಿಕಾರಿ ವಿಲ್ಲೋಬಿ ವ್ಯಾಲೇಸ್ ಹೂಪರ್ ಚಿತ್ರ ತೆಗೆದ. ಎಲುಬುಗಳು ಚೌಕಟ್ಟಿನೊಳಗೆ ಬಂದವು. ಅದೇ ಕಾಲದಲ್ಲಿ ದೇಶದಿಂದ ಹೊರಗೆ ಸಾಗುತ್ತಿದ್ದ ಧಾನ್ಯ ಚೌಕಟ್ಟಿಗೆ ಬರಲಿಲ್ಲ. ಹಸಿವು ಕಂಡಿತು, ಕಾರಣ ಕಾಣಲಿಲ್ಲ. ಇಂದಿನ ವಿಜಯಪುರ ಸೀಮೆಯೂ ಆ ಕ್ಷಾಮದಲ್ಲಿ ಬೆಂದಿತ್ತು.

ನಮ್ಮ ಕಡೆಗೂ ಬನ್ನಿ. ತೋಟದ ಗೊಬ್ಬರಕ್ಕಾಗಿ ಸೊಪ್ಪು ಸವರಿದ ಬೆಟ್ಟದ ಮರಗಳನ್ನು ಹೊರಗಿನವರು ಚಿತ್ರಿಸಿ, ‘ರೈತರು ಕಾಡು ಕಡಿದರು’ ಎಂದರೆ ನಮಗೆ ನೋವಾಗುತ್ತದೆ. ಮತ್ತೆ ಚಿಗುರಿದ ಮರವನ್ನು ಅವರು ನೋಡಲಿಲ್ಲ. ನಾನು ಕಳ್ಳಕವಟಗಿಗೆ ಮಾಡಿದ್ದೂ ಅದನ್ನೇ. ಇದಕ್ಕೆ ವಿರುದ್ಧವಾಗಿ, ರಸ್ತೆಯಂಚಿನ ಹಸಿರು ಸಾಲನ್ನು ಮಾತ್ರ ತೋರಿಸಿ ಹಿಂದಿನ ಬೋಳು ಇಳಿಜಾರನ್ನು ಮುಚ್ಚಿಡುವುದೂ ಉಂಟು. ಎರಡೂ ಒಂದೇ ದೋಷ.

ಆದುದರಿಂದ ನಾಳೆಯಿಂದ ಹೀಗೆ ಮಾಡೋಣ. ಪ್ರತಿ ಸ್ಥಳದಲ್ಲೂ ದೂರದಿಂದ, ನಡುವಿನಿಂದ, ಹತ್ತಿರದಿಂದ ಮೂರು ಚಿತ್ರ ತೆಗೆಯಿರಿ. ಬಳಿಕ ಹಿಂದೆ ತಿರುಗಿ ನಾಲ್ಕನೆಯದನ್ನು ತೆಗೆಯಿರಿ. ದಿನಾಂಕ, ದಿಕ್ಕು, ನಿಂತ ಜಾಗವನ್ನು ಬರೆದಿಡಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಕಲ್ಲಿನ ಮೇಲೆ ನಿಂತು ಮತ್ತೆ ತೆಗೆಯಿರಿ. ನೆಲದ ಒಡೆಯರನ್ನು ಕೇಳದೆ ಅಡಿಬರಹ ಬರೆಯಬೇಡಿ. ನಮ್ಮ ವಾದಕ್ಕೆ ಒಗ್ಗದ ಚಿತ್ರವನ್ನು ಅಳಿಸಬೇಡಿ.

ನಾಲ್ಕು ಬದಿಯ ಚೌಕಟ್ಟಿಲ್ಲದೆ ಛಾಯಾಚಿತ್ರವಿಲ್ಲ. ಎಲ್ಲವನ್ನೂ ತುಂಬಿಸುವುದು ಅಸಾಧ್ಯ. ಆದರೆ ಏನನ್ನು ಹೊರಗಿಟ್ಟೆವು ಎಂದು ಯಾರಾದರೂ ಕೇಳಿದಾಗ, ತಲೆ ತಗ್ಗಿಸದೆ ಹೇಳುವಂತಿರಬೇಕು. ಕಳ್ಳಕವಟಗಿಯ ಆ ಮೂರು ಚಿತ್ರಗಳನ್ನು ಒಟ್ಟಿಗೇ ಇಲ್ಲಿಯ ಗೋಡೆಗೆ ಅಂಟಿಸಿದ್ದೇನೆ. ಊಟಕ್ಕೆ ಏಳುವ ಮೊದಲು ನೋಡಿ.