ಯಮುನೆಯ ತಳದ ಕೆಸರು



ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಯಮುನೆಯನ್ನು ಹೆಚ್ಚಾಗಿ ಸೇತುವೆಯ ಮೇಲಿನಿಂದಲೇ ಕಾಣುತ್ತೇವೆ. ಮೂಗು ಮುಚ್ಚಿಕೊಂಡು ದಾಟಿಬಿಡುತ್ತೇವೆ. ಕಾಳಿಂದಿ ಕುಂಜದ ಬಳಿಯ ನೊರೆಯನ್ನು ಅರಿಯದವರಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಕಣ್ಣಿಗೆ ಬೀಳದ, ನದಿಯ ತಳದಲ್ಲಿರುವ ಕೆಸರಿನ ವಿಷಯ.

ವಜೀರಾಬಾದಿನಿಂದ ಓಖ್ಲಾವರೆಗೆ ನದಿಯ ಉದ್ದ 22 ಕಿಲೋಮೀಟರ್. ಯಮುನೆಯ ಒಟ್ಟು 1,376 ಕಿಲೋಮೀಟರಿನಲ್ಲಿ ಇದು ನೂರಕ್ಕೆ ಎರಡು ಪಾಲೂ ಆಗದು. ಮಳೆಗಾಲ ಕಳೆದ ಮೇಲೆ ವಜೀರಾಬಾದ್ ಅಣೆಕಟ್ಟೆಯ ಕೆಳಗೆ ಹರಿಯುವ ಹೊಸ ನೀರು ಅತ್ಯಲ್ಪ. ನಜಫ್‌ಗಢ ಮೊದಲಾದ ನಾಲೆಗಳ ಚರಂಡಿ ನೀರೇ ನದಿಯಾಗುತ್ತದೆ. ಓಖ್ಲಾದಲ್ಲಿ ಅದು ತಡೆದು ನಿಂತಾಗ ಮಲಿನ ಕಣಗಳು ತಳಕ್ಕೆ ಇಳಿಯುತ್ತವೆ.

ಇಳಿದದ್ದೆಲ್ಲವೂ ಅಲ್ಲಿಯೇ ಉಳಿಯುವುದಿಲ್ಲ. ಕೆಸರಿನ ಮೇಲ್ಪದರಕ್ಕೆ ಆಮ್ಲಜನಕ ದೊರೆಯುತ್ತಿರುವವರೆಗೆ ರಂಜಕವು ಕಬ್ಬಿಣದ ಸಂಯುಕ್ತಗಳೊಡನೆ ಬಂಧಿತವಾಗಿರುತ್ತದೆ. ಅಮೋನಿಯವನ್ನು ಅಣುಜೀವಿಗಳು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಅದರ ಒಂದಂಶ ಕೆಳಪದರದಲ್ಲಿ ಸಾರಜನಕ ಅನಿಲವಾಗಿ ಕೊನೆಗೆ ಗಾಳಿಯನ್ನು ಸೇರುತ್ತದೆ. ವೆಚ್ಚವಿಲ್ಲದೆ ಪ್ರಕೃತಿ ನಡೆಸುವ ಶುದ್ಧೀಕರಣವಿದು. ಆಮ್ಲಜನಕ ಮುಗಿದೊಡನೆ ಎಲ್ಲವೂ ತಲೆಕೆಳಗಾಗುತ್ತದೆ. ಕಬ್ಬಿಣವು ಹಿಡಿತವನ್ನು ಸಡಿಲಿಸುತ್ತದೆ. ರಂಜಕ ನೀರಿಗೆ ಮರಳುತ್ತದೆ, ಅಮೋನಿಯವೂ ಮೇಲೇರುತ್ತದೆ. ಓಖ್ಲಾದ ನೀರಿನ ಮೇಲೆ ಹಬ್ಬುವ ಅಂತರಗಂಗೆಗೆ ಇಂತಹ ಪೋಷಕಾಂಶಗಳೇ ಗೊಬ್ಬರ. ಸಮುದ್ರತೀರದ ಆಳವಿಲ್ಲದ ಕೊಲ್ಲಿಗಳಲ್ಲಿಯೂ ಇದೇ ವಿನಿಮಯ ನಡೆಯುತ್ತದೆ. ಆದರೆ ಅಲ್ಲಿ ಉಬ್ಬರವಿಳಿತಗಳು ದಿನವೂ ನೀರನ್ನು ಬದಲಿಸುತ್ತವೆ; ಓಖ್ಲಾಕ್ಕೆ ಆ ಭಾಗ್ಯವಿಲ್ಲ.

1993ರಲ್ಲಿ ಯಮುನಾ ಕ್ರಿಯಾ ಯೋಜನೆ ಆರಂಭವಾದಂದಿನಿಂದ ಚರಂಡಿ ನೀರಿನ ಶುದ್ಧೀಕರಣಕ್ಕೆ ಪ್ರಾಮುಖ್ಯ ದೊರೆತಿದೆ. ಅದು ಯುಕ್ತವೇ. ಆದರೆ ನಾಳೆಯೇ ಎಲ್ಲ ನಾಲೆಗಳೂ ಶುದ್ಧವಾದರೂ ಹಳೆಯ ಕೆಸರು ಕೆಲಕಾಲ ತನ್ನ ಸಂಗ್ರಹವನ್ನು ಹೊರಹಾಕುತ್ತಲೇ ಇರುತ್ತದೆ. ಸ್ವೀಡನ್ನಿನ ಟ್ರುಮ್ಮೆನ್ ಸರೋವರಕ್ಕೆ ಚರಂಡಿ ನೀರು ಬರುವುದು ನಿಂತು ಸುಮಾರು ಹತ್ತು ವರ್ಷ ಕಳೆದರೂ ಅದು ಚೇತರಿಸಿಕೊಳ್ಳಲಿಲ್ಲ. 1970 ಮತ್ತು 1971ರಲ್ಲಿ ಕೆಸರಿನ ಮೇಲ್ಪದರವನ್ನು ಹೀರಿ ತೆಗೆದ ಮೇಲೆಯೇ ನೀರು ತಿಳಿಯಾಗತೊಡಗಿತು.

ಹಾಗೆಂದು ಹೂಳೆತ್ತಿಬಿಟ್ಟರೆ ಸಾಕೆಂಬ ಮಾತನ್ನು ನಾನು ಒಪ್ಪಲಾರೆ. ಸ್ವೀಡನ್ನಿನಲ್ಲಿ ಮೊದಲು ಚರಂಡಿಯನ್ನು ತಡೆದರು, ಬಳಿಕ ಹೂಳೆತ್ತಿದರು. ಕ್ರಮ ತಪ್ಪಿದರೆ ತೆಗೆದಷ್ಟೂ ಮತ್ತೆ ತುಂಬುತ್ತದೆ. ಅಜಾಗರೂಕತೆಯಿಂದ ಕಲಕಿದರೆ ಅಡಗಿದ್ದ ಅಮೋನಿಯ ನೀರಿಗೆ ಸೇರಿ, ಉಳಿದಿದ್ದ ಆಮ್ಲಜನಕವೂ ಕರಗಿಹೋಗುತ್ತದೆ. ಆಮ್ಲಜನಕವನ್ನು ತರಬಲ್ಲದ್ದು ಹರಿಯುವ ಹೊಸ ನೀರು. ಬೇಸಿಗೆಯಲ್ಲಿ ಅದನ್ನು ವಜೀರಾಬಾದಿನಿಂದ ಕೆಳಗೆ ಬಿಡಬೇಕು. ಆದರೆ ದೆಹಲಿಯ ನಲ್ಲಿಗಳಿಗೆ ಕುಡಿಯುವ ನೀರು ಹೋಗುವುದೂ ಅದೇ ವಜೀರಾಬಾದಿನಿಂದ.