ಕೂಸಿನ ತೊಡೆಸಂದಿಯ ಬೂಷ್ಟು



ರಾಗಿಗೆ ಬೆಂಕಿರೋಗ ಯಾವಾಗ ಬರುತ್ತದೆಂದು ಕೇಳಿದರೆ ನೀವೇ ಹೇಳುತ್ತೀರಿ. ನಾಲ್ಕು ದಿನ ಮೋಡ ಮುಚ್ಚಿಕೊಂಡು, ಜಡಿ ಹಿಡಿದು, ಎಲೆಯ ಮೇಲಿನ ತೇವ ಆರದೆ ನಿಂತಾಗ. ಅದು ಶಿಲೀಂಧ್ರದಿಂದ, ನಮ್ಮ ಮಾತಿನಲ್ಲಿ ಬೂಷ್ಟಿನಿಂದ, ಬರುವ ರೋಗ. ಇನ್ನೊಂದು ಜಾತಿಯ ಬೂಷ್ಟು ತೊಟ್ಟಿಲ ಕೂಸಿಗೂ ಹತ್ತುವುದುಂಟು. ಗೊಬ್ಬರ ಬೀಜದ ಸಾಹೇಬರಿಗೆ ಕೂಸಿನ ಉಸಾಬರಿ ಯಾಕೆ ಅಂತೀರೇನೋ! ನಾನು ಓದಿದ್ದು ಕೃಷಿ ಡಿಪ್ಲೊಮಾ, ವೈದ್ಯವಲ್ಲ. ಮದ್ದಿನ ವಿಚಾರದಲ್ಲಿ ಡಾಕ್ಟರು ಹೇಳುವುದನ್ನೇ ಹೇಳುತ್ತೇನೆ. ಆದರೆ ತೇವಕ್ಕೂ ಬೂಷ್ಟಿಗೂ ಇರುವ ನಂಟು ಹೊಲದಲ್ಲಿ ಹೇಗೋ ತೊಟ್ಟಿಲಲ್ಲೂ ಹಾಗೆಯೇ.

ಈ ಬೂಷ್ಟಿನ ಹೆಸರು ಕ್ಯಾಂಡಿಡಾ. ಈಚಲ ಹೆಂಡವನ್ನು ಉಕ್ಕಿಸುವ ಯೀಸ್ಟಿಗೆ ಇದು ದೂರದ ನೆಂಟ. ಬಹಳ ಮಂದಿಯ ಬಾಯಲ್ಲಿ, ಕರುಳಲ್ಲಿ ಇದು ಸದ್ದಿಲ್ಲದೆ ಇರುತ್ತದೆ. ಒದ್ದೆ, ಬಿಸಿ, ಗಾಳಿಯಾಡದ ಜಾಗ ಸಿಕ್ಕಿತೋ, ಹಬ್ಬಿಬಿಡುತ್ತದೆ. ಉಚ್ಚೆಯ ಲಂಗೋಟಿಯನ್ನು ಬಿಗಿಯಾಗಿ ಕಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕಿದರೆ ಅದಕ್ಕೆ ಬೇಕಾದ ಮಡಿಯನ್ನು ನಾವೇ ಹದಮಾಡಿ ಕೊಟ್ಟಂತೆ.

ಗುರುತಿಸುವುದು ಹೇಗೆ? ಬಟ್ಟೆ ಉಜ್ಜಿ ಕೆಂಪಾದ ಚರ್ಮ ಉಬ್ಬಿದ ಕಡೆ ಕೆಂಪಗಿರುತ್ತದೆ, ಸಂದಿಯೊಳಗೆ ಅಷ್ಟಾಗಿ ಇರುವುದಿಲ್ಲ. ಬೂಷ್ಟಾದರೆ ತೊಡೆಸಂದಿಯ ಮಡಿಕೆಯೊಳಗೇ ಕಡುಗೆಂಪಾಗಿ, ಅಂಚಿನಾಚೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳು ಚೆಲ್ಲಿದ ಹಾಗೆ ಕಾಣುತ್ತವೆ. ಕೂಸಿನ ಬಾಯನ್ನೂ ನೋಡಿರಿ. ನಾಲಿಗೆಯ ಮೇಲೆ ಅಂಟಿದ ಹಾಲು ಒರೆಸಿದರೆ ಹೋಗುತ್ತದೆ. ಕೆನ್ನೆಯ ಒಳಗೆ ಬಿಳಿ ಪದರ ಕಟ್ಟಿ, ಒರೆಸಿದರೂ ಬಾರದಿದ್ದರೆ ಅದೂ ಇದೇ ಬೂಷ್ಟು. ಕೆರೆಯಲು ಹೋಗಬೇಡಿ, ರಕ್ತ ಬಂದೀತು.

ಇನ್ನು ಉಪಾಯ. ದುಡ್ಡಿಲ್ಲದ್ದು ಮೊದಲು. ಬಟ್ಟೆ ಒದ್ದೆಯಾದ ಕೂಡಲೇ ಬದಲಾಯಿಸಿ. ಅಂಗಡಿಯ ಡೈಪರ್ ಆದರೂ ತುಂಬುವ ತನಕ ಕಾಯಬಾರದು. ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ ಒತ್ತಿ ಆರಿಸಿ, ಉಜ್ಜಬೇಡಿ. ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಹೊತ್ತು ಕೂಸನ್ನು ಬರಿಮೈಯಲ್ಲಿ ಹಳೆಯ ಸೀರೆಯ ಮೇಲೆ ಗಾಳಿಗೆ ಮಲಗಿಸಿ. ಸೀರೆ ಒದ್ದೆಯಾದರೆ ಆಗಲಿ, ಒಗೆದರಾಯಿತು. ಲಂಗೋಟಿಯ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಸೋಪು ಉಳಿಯದಂತೆ ಎರಡು ಸಲ ಜಾಲಿಸಿ, ಖಡಕ್ ಬಿಸಿಲಲ್ಲಿ ಒಣಗಿಸಿ. ಮಲೆನಾಡಿನ ಮಳೆಗಾಲದಲ್ಲಿ ಬಿಸಿಲೆಲ್ಲಿ ಬಂತು, ಅಲ್ಲವೆ? ಆಗ ಇಸ್ತ್ರಿ ಮಾಡಿ ಪೂರ್ತಿ ಆರಿಸಿ ಕಟ್ಟಿರಿ. ಅರೆಒದ್ದೆ ಬಟ್ಟೆ ಮಾತ್ರ ಬೇಡ.

ಆರಿಸುವುದೆಂದರೆ ಸಾಂಬ್ರಾಣಿ ಹೊಗೆಯ ಮೇಲೆ ಹಿಡಿಯುವುದಲ್ಲ. ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಪೌಡರೂ ಬೇಡ. ಹಾರಿದ್ದು ಮೂಗಿಗೆ ಹೋಗುತ್ತದೆ, ಉಳಿದದ್ದು ಸಂದಿಯಲ್ಲಿ ಮುದ್ದೆ ಕಟ್ಟುತ್ತದೆ. ಬೇವಿನ ರಸ, ಅರಿಸಿನದ ಗಂಧ, ಮೊಸರು ಇವುಗಳನ್ನು ಸುಲಿದ ಚರ್ಮಕ್ಕೆ ಬಳಿಯಬಾರದು. ಕೊಬ್ಬರಿಎಣ್ಣೆ? ಅದನ್ನು ನಾನು ಬೇಡ ಅನ್ನುವುದಿಲ್ಲ. ಚರ್ಮ ಚೆನ್ನಾಗಿ ಆರಿದ ಮೇಲೆ ತೆಳ್ಳಗೆ ಸವರಿದರೆ ಒದ್ದೆ ತಾಗದ ಹಾಗೆ ತಡೆಯುತ್ತದೆ. ಆದರೆ ಹಬ್ಬಿದ ಬೂಷ್ಟನ್ನು ಎಣ್ಣೆಯೊಂದೇ ಓಡಿಸುತ್ತದೆಂದು ನಂಬಿ ಕೂರಬೇಡಿ.

ಬಾಯಿಬೂಷ್ಟಿಗೆ ಬಿಳಿಗಾರವನ್ನು ಜೇನುತುಪ್ಪದಲ್ಲಿ ಕಲಸಿ ಹಚ್ಚುವ ರೂಢಿ ಇನ್ನೂ ಕೆಲವು ಮನೆಗಳಲ್ಲಿದೆ. ಹಿರಿಯರನ್ನು ಜರೆಯಲು ಹೇಳುತ್ತಿಲ್ಲ. ಆದರೂ ಈ ಒಂದನ್ನು ಇವತ್ತೇ ಬಿಡಬೇಕು. ಬಿಳಿಗಾರ ಕೂಸಿನ ಮೈಯಲ್ಲಿ ಸೇರಿದರೆ ವಿಷ, ಅದರಿಂದ ಫಿಟ್ಸ್ ಬಂದದ್ದೂ ಉಂಟು. ಜೇನು ಒಂದು ವರ್ಷ ತುಂಬುವ ತನಕ ತೊಟ್ಟೂ ಕೂಡದು. ಅದರಲ್ಲಿರಬಹುದಾದ ಒಂದು ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ನರಗಳ ಶಕ್ತಿಯನ್ನೇ ಕುಂದಿಸುತ್ತದೆ.

ಆಹಾರದ ಮಾತಿಗೆ ಬರೋಣ. ಆರು ತಿಂಗಳ ತನಕ ತಾಯಿಹಾಲು ಮಾತ್ರ. ಸಕ್ಕರೆ ನೀರು ಬೇಡ, ಗ್ರೈಪ್ ವಾಟರೂ ಬೇಡ. ತಾಯಿ ಸಿಹಿ ತಿಂದದ್ದಕ್ಕೆ ಕೂಸಿಗೆ ಬೂಷ್ಟು ಬಂತೆಂದು ಬಾಣಂತಿಯ ತಟ್ಟೆಯನ್ನು ಕಿತ್ತುಕೊಳ್ಳುವುದು ಅನ್ಯಾಯ. ಆಕೆಗೆ ಮುದ್ದೆ, ಬೇಳೆ, ಸೊಪ್ಪು, ಮೊಸರು, ಒಗ್ಗುವವರಿಗೆ ಮೊಟ್ಟೆ, ಎಲ್ಲವೂ ಬೇಕು. ಬೇಕಾದಷ್ಟು ನೀರೂ ಕುಡಿಯಲಿ. ಆರು ತಿಂಗಳಾದ ಮೇಲೆ ರಾಗಿ ಸರಿಯನ್ನು ಸಕ್ಕರೆ ಬೆಲ್ಲ ಹಾಕದೆ ಉಣಿಸಿ, ಹೊಸ ಮೊಸರನ್ನು ಎರಡು ಚಮಚ ಕೊಡಬಹುದು. ಅದು ಒಳ್ಳೆಯ ಆಹಾರ, ಅಷ್ಟೆ. ಬೂಷ್ಟಿನ ಮದ್ದಲ್ಲ.

ಕೂಸಿಗೆ ನೆಗಡಿಯಾದಾಗಲೆಲ್ಲ ಅಂಗಡಿಯಿಂದ ಆಂಟಿಬಯಾಟಿಕ್ ತಂದು ಕುಡಿಸುವುದೂ ಬೂಷ್ಟಿಗೆ ದಾರಿಮಾಡುತ್ತದೆ. ಔಷಧಿ ಹೊಡೆದಾಗ ಮಿತ್ರಕೀಟಗಳೂ ಸತ್ತು, ಆಮೇಲೆ ಇನ್ನೊಂದು ಕೀಟ ಬೆಳೆಯ ಮೇಲೆ ಮುಗಿಬೀಳುವುದನ್ನು ಕಂಡಿದ್ದೀರಿ. ಕರುಳಿನಲ್ಲೂ ಹಾಗೆ, ಒಳ್ಳೆಯ ಜೀವಾಣುಗಳು ಸತ್ತರೆ ಬೂಷ್ಟಿಗೆ ತಡೆಯಿಲ್ಲ. ಡಾಕ್ಟರು ಬರೆದುಕೊಟ್ಟರೆ ಪೂರ್ತಿ ಕುಡಿಸಿ, ಇಲ್ಲವಾದರೆ ಬೇಡ.

ಎರಡು ಮೂರು ದಿನ ಹೀಗೆ ನೋಡಿಕೊಂಡರೂ ಕೆಂಪು ಇಳಿಯದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕ್ಲೋಟ್ರಿಮಾಝೋಲ್ ಅಥವಾ ನಿಸ್ಟಾಟಿನ್‌ನಂಥ ಮುಲಾಮು ಕೊಡುತ್ತಾರೆ. ಇಂಗ್ಲಿಷ್ ಮದ್ದು ಎಂದು ಹಿಂಜರಿಯುವವರಿಗೆ ಒಂದು ಸಂಗತಿ ಹೇಳುತ್ತೇನೆ. ನಿಸ್ಟಾಟಿನ್ ದೊರೆತದ್ದು ಮಣ್ಣಿನಿಂದ! ಅಮೆರಿಕದಲ್ಲಿ ಎಲಿಝಬೆತ್ ಹೇಝನ್, ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ವರ್ಜೀನಿಯಾದ ಒಂದು ಹೈನು ಹೊಲದ ಮಣ್ಣನ್ನು ಪರೀಕ್ಷಿಸಿ, ಅದರಲ್ಲಿದ್ದ ಜೀವಾಣುವಿನಿಂದ ಇದನ್ನು ತೆಗೆದು, 1950ರಲ್ಲಿ ಲೋಕಕ್ಕೆ ತಿಳಿಸಿದರು. ದನದ ಹೊಲದ ಮಣ್ಣಿಗಿಂತ ನಾಟಿ ಇನ್ನೇನಿದೆ?

ಮುಲಾಮನ್ನು ಹೇಳಿದಷ್ಟು ದಿನ ಹಚ್ಚಿ, ಕೆಂಪು ಮಾಯವಾದ ದಿನವೇ ನಿಲ್ಲಿಸಬೇಡಿ. ಬಾಯಲ್ಲೂ ಬೂಷ್ಟಿದ್ದು, ತಾಯಿಯ ಮೊಲೆತೊಟ್ಟು ಉರಿಯುತ್ತಿದ್ದರೆ ನಾಚಿಕೆ ಬಿಟ್ಟು ತಿಳಿಸಬೇಕು. ತಾಯಿಗೂ ಕೂಸಿಗೂ ಒಟ್ಟಿಗೆ ಮದ್ದಾಗದಿದ್ದರೆ ಇವರಿಂದ ಅವರಿಗೆ, ಅವರಿಂದ ಇವರಿಗೆ ಹತ್ತುತ್ತಲೇ ಇರುತ್ತದೆ. ಹಾಲೂಡುವುದನ್ನು ಮಾತ್ರ ನಿಲ್ಲಿಸಬೇಡಿ. ಬಾಟಲಿ, ನಿಪ್ಪಲ್ ಬಳಸುವವರು ಅವನ್ನು ದಿನವೂ ಕುದಿಸಬೇಕು.

ಮಣ್ಣಿನ ಮಾದರಿ ತರಲು ಹೋದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ನನಗೆ ಒಂದು ಟ್ಯೂಬು ತೋರಿಸಿದರು. ಅಂಗಡಿಯವನೇ ಕೊಟ್ಟದ್ದು. ಹಚ್ಚಿದ ಎರಡು ದಿನಕ್ಕೆ ಕೆಂಪು ಇಳಿಯಿತಂತೆ, ಬಿಟ್ಟರೆ ಇಮ್ಮಡಿಯಾಗಿ ಬಂತಂತೆ, ಮತ್ತೆ ಹಚ್ಚಿದರಂತೆ. ಹೀಗೆ ತಿಂಗಳಾಗಿತ್ತು. ಚರ್ಮ ಈರುಳ್ಳಿ ಪೊರೆಯಷ್ಟು ತೆಳ್ಳಗಾಗಿ ಕೂಸು ಮುಟ್ಟಿದರೆ ಚೀರುತ್ತಿತ್ತು. ಟ್ಯೂಬಿನ ಮೇಲೆ ಮೂರು ನಾಲ್ಕು ಮದ್ದುಗಳ ಹೆಸರಿದ್ದವು, ಅದರಲ್ಲೊಂದು ಬೀಟಾಮೆಥಾಸೋನ್. ಇದು ಸ್ಟಿರಾಯ್ಡ್. ಕೆಂಪನ್ನು ಮರೆಸುತ್ತದೆ, ಒಳಗೆ ಬೂಷ್ಟು ಹಬ್ಬುತ್ತಲೇ ಇರುತ್ತದೆ. ಲಂಗೋಟಿಯ ಮರೆಯಲ್ಲಿ ಚರ್ಮದ ಮೂಲಕ ಮೈಗೂ ಇಳಿಯುತ್ತದೆ. ಆದುದರಿಂದ ಕೂಸಿಗೆ ಹಚ್ಚುವ ಮುನ್ನ ಓದು ಬಲ್ಲವರಿಂದ ಟ್ಯೂಬಿನ ಹೆಸರನ್ನು ಓದಿಸಿ, ಅದನ್ನೇ ಹಿಡಿದುಕೊಂಡು ಹೋಗಿ ಆಶಾ ಕಾರ್ಯಕರ್ತೆಗೋ ಡಾಕ್ಟರಿಗೋ ತೋರಿಸಿ.

ಜ್ವರ ಬಂದರೆ, ಬೊಬ್ಬೆಯೆದ್ದು ಕೀವಾದರೆ, ಕೂಸು ಹಾಲು ಬಿಟ್ಟರೆ, ಅಥವಾ ಇನ್ನೂ ತಿಂಗಳು ತುಂಬದ ಕೂಸಾದರೆ ಎರಡು ದಿನ ಕಾಯುವ ಮಾತೇ ಇಲ್ಲ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಭೇದಿಯಾಗುತ್ತಿದ್ದರೆ ಓಆರ್‌ಎಸ್ ಪುಡಿ, ಸತುವಿನ ಮಾತ್ರೆ ಆಶಾ ಕಾರ್ಯಕರ್ತೆಯ ಬಳಿ ಸಿಗುತ್ತವೆ, ಕೇಳಿ ಪಡೆಯಿರಿ.