ನಂಬಿಕೆಯ ಮನೆಯಲ್ಲಿ ಚರಿತ್ರೆಯ ಪ್ರಶ್ನೆ



ಇಂದು ನಾನು ಆರಿಸಿಕೊಂಡಿರುವ ವಿಷಯ ದೂರದ ಅಮೆರಿಕದ್ದು. ಆದರೆ ಅದರೊಳಗಿನ ಪ್ರಶ್ನೆ ನಿಮ್ಮ ವಯಸ್ಸಿನ ಯಾರಿಗೂ ದೂರದ್ದಲ್ಲ. ಒಂದು ಮನೆಯನ್ನು ಊಹಿಸಿಕೊಳ್ಳಿ. ಆ ಮನೆಯ ಹುಡುಗಿ ಚಿಕ್ಕಂದಿನಿಂದ ತನ್ನ ಧರ್ಮದ ಸ್ಥಾಪಕರ ಕಥೆಯನ್ನು ಕೇಳುತ್ತಲೇ ಬೆಳೆದಿದ್ದಾಳೆ. ಪ್ರಾರ್ಥನೆ, ಗೆಳತಿಯರು, ನೆರೆಹೊರೆ ಎಲ್ಲವೂ ಆ ಕಥೆಯ ಸುತ್ತಲೇ ಇವೆ. ಕಾಲೇಜಿಗೆ ಬಂದ ಮೇಲೆ ಗ್ರಂಥಾಲಯದಲ್ಲಿ ಒಂದು ಚರಿತ್ರೆಯ ಪುಸ್ತಕ ಅವಳ ಕೈಗೆ ಸಿಗುತ್ತದೆ. ಅದರಲ್ಲಿ ಅದೇ ಕಥೆ ಬೇರೆ ರೀತಿಯಲ್ಲಿದೆ. ಈಗ ಅವಳು ಪುಸ್ತಕವನ್ನು ಮುಚ್ಚಿಡಬೇಕೇ? ನಂಬಿಕೆಯನ್ನು ಬಿಡಬೇಕೇ? ಇಲ್ಲವೇ ಎರಡನ್ನೂ ಕೈಯಲ್ಲಿ ಹಿಡಿದು ನಡೆಯುವ ದಾರಿಯೊಂದಿದೆಯೇ?

ಈ ಪ್ರಶ್ನೆಯನ್ನು ಬಹಳ ತೀವ್ರವಾಗಿ ಎದುರಿಸಿದವರು ಮಾರ್ಮನ್ ಎಂದು ಹೆಸರಾದ ಕ್ರೈಸ್ತ ಪಂಥದ ಜನ. ಈ ಚರ್ಚಿನ ಪೂರ್ಣ ಹೆಸರು 'ಅಂತಿಮ ದಿನಗಳ ಸಂತರ ಯೇಸು ಕ್ರಿಸ್ತನ ಚರ್ಚು'. ತಮ್ಮನ್ನು ಪೂರ್ಣ ಹೆಸರಿನಿಂದಲೇ ಕರೆಯಬೇಕೆಂದು ಚರ್ಚಿನವರು 2018ರಲ್ಲಿ ಕೇಳಿಕೊಂಡರು. ಆದರೂ ಚರಿತ್ರೆಯ ಪುಸ್ತಕಗಳಲ್ಲಿ ಬಳಕೆಯಲ್ಲಿರುವ ಚಿಕ್ಕ ಹೆಸರನ್ನೇ ನಾನು ಇಲ್ಲಿ ಬಳಸುತ್ತೇನೆ.

ಇದರ ಸ್ಥಾಪಕ ಜೋಸೆಫ್ ಸ್ಮಿತ್. ಹುಟ್ಟಿದ್ದು 1805ರಲ್ಲಿ, ವರ್ಮಾಂಟ್ ಸಂಸ್ಥಾನದ ಒಂದು ಬಡ ರೈತ ಕುಟುಂಬದಲ್ಲಿ. ದೇವದೂತನೊಬ್ಬನು ತನಗೆ ಚಿನ್ನದ ತಗಡುಗಳನ್ನು ತೋರಿಸಿದನೆಂದೂ, ಅವುಗಳ ಮೇಲಿನ ಪುರಾತನ ಬರಹವನ್ನು ದೈವಬಲದಿಂದ ಅನುವಾದಿಸಿದೆನೆಂದೂ ಆತ ಹೇಳಿದನು. ಆ ಗ್ರಂಥವೇ 1830ರಲ್ಲಿ ಅಚ್ಚಾದ 'ಬುಕ್ ಆಫ್ ಮಾರ್ಮನ್'. ಅದೇ ವರ್ಷ ಏಪ್ರಿಲ್ 6ರಂದು ಚರ್ಚು ಸ್ಥಾಪನೆಯಾಯಿತು. ಹದಿನಾಲ್ಕು ವರ್ಷಗಳ ಬಳಿಕ, 1844ರ ಜೂನ್ 27ರಂದು, ಇಲಿನಾಯ್ ಸಂಸ್ಥಾನದ ಸೆರೆಮನೆಯೊಂದರಲ್ಲಿ ದೊಂಬಿಯ ಜನ ಆತನನ್ನೂ ಆತನ ಅಣ್ಣನನ್ನೂ ಗುಂಡಿಟ್ಟು ಕೊಂದರು. ಅನುಯಾಯಿಗಳು ಬ್ರಿಗಮ್ ಯಂಗ್ ಎಂಬ ನಾಯಕನ ಹಿಂದೆ ಪಶ್ಚಿಮಕ್ಕೆ ನಡೆದರು. 1847ರಲ್ಲಿ ಯೂಟಾದ ಸಾಲ್ಟ್ ಲೇಕ್ ಕಣಿವೆಯಲ್ಲಿ ನೆಲೆ ನಿಂತರು. ಇಂದು ಈ ಚರ್ಚಿನ ಸದಸ್ಯರ ಸಂಖ್ಯೆ ಜಗತ್ತಿನಲ್ಲಿ ಒಂದು ಕೋಟಿ ಎಪ್ಪತ್ತು ಲಕ್ಷವನ್ನು ದಾಟಿದೆಯೆಂದು ಚರ್ಚೇ ಹೇಳುತ್ತದೆ.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಬಹುತೇಕ ಧರ್ಮಗಳ ಮೂಲ ಕಾಲದ ಮಬ್ಬಿನಲ್ಲಿದೆ. ಆದರೆ ಮಾರ್ಮನ್ ಧರ್ಮ ಹುಟ್ಟಿದ್ದು ಪತ್ರಿಕೆಗಳು, ನ್ಯಾಯಾಲಯದ ಕಡತಗಳು, ದಿನಚರಿಗಳು ಹೇರಳವಾಗಿದ್ದ ಕಾಲದಲ್ಲಿ. ಮಾರ್ಮನರೂ ಶ್ರದ್ಧೆಯಿಂದ ದಾಖಲೆ ಬರೆದಿಡುವ ಜನ. ಆದ್ದರಿಂದ ಚರಿತ್ರೆಯನ್ನು ಪರೀಕ್ಷಿಸಲು ಸಾಮಗ್ರಿ ಸಾಕಷ್ಟಿದೆ. ಪರೀಕ್ಷೆ ನಡೆದಾಗ ತೊಡಕುಗಳೂ ಕಾಣಿಸಿಕೊಂಡವು.

ಮೂರು ಉದಾಹರಣೆಗಳನ್ನು ಕೊಡುತ್ತೇನೆ. ಮೊದಲನೆಯದು ಈಜಿಪ್ಟಿನ ಪಪೈರಸ್ ಸುರುಳಿಗಳದ್ದು. 1835ರಲ್ಲಿ ಕೊಂಡ ಕೆಲವು ಸುರುಳಿಗಳಿಂದ ಅನುವಾದಿಸಿದೆನೆಂದು ಹೇಳಿ ಸ್ಮಿತ್ 'ಬುಕ್ ಆಫ್ ಅಬ್ರಹಾಮ್' ಎಂಬ ಗ್ರಂಥವನ್ನು ಪ್ರಕಟಿಸಿದನು. ಸುರುಳಿಗಳು ನಾಶವಾದವೆಂದೇ ಜನ ನಂಬಿದ್ದರು. ಆದರೆ ಅವುಗಳ ತುಣುಕುಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತು ಸಂಗ್ರಹಾಲಯದಲ್ಲಿ ಪತ್ತೆಯಾಗಿ 1967ರಲ್ಲಿ ಚರ್ಚಿನ ಕೈಸೇರಿದವು. ಈಜಿಪ್ಟಿನ ಲಿಪಿಯನ್ನು ಬಲ್ಲ ವಿದ್ವಾಂಸರು ಓದಿ ನೋಡಿದರೆ, ಅವು ಸತ್ತವರ ಜೊತೆ ಇಡುತ್ತಿದ್ದ ಸಂಸ್ಕಾರದ ಪಠ್ಯಗಳು. ಅಬ್ರಹಾಮನ ಮಾತೇ ಅಲ್ಲಿರಲಿಲ್ಲ. ಎರಡನೆಯದು ಬಹುಪತ್ನಿತ್ವ. ಚರ್ಚು ಇದನ್ನು 1852ರಲ್ಲಿ ಬಹಿರಂಗವಾಗಿ ಸಾರಿ, 1890ರಲ್ಲಿ ಕೈಬಿಡುವುದಾಗಿ ಘೋಷಿಸಿತು. ಆದರೆ ಸ್ಥಾಪಕನೇ ಗುಟ್ಟಾಗಿ ಅನೇಕ ವಿವಾಹಗಳನ್ನು ಮಾಡಿಕೊಂಡಿದ್ದ ಸಂಗತಿ ಬಹಳ ಮಂದಿ ಸದಸ್ಯರಿಗೆ ತಿಳಿದೇ ಇರಲಿಲ್ಲ. ಮೂರನೆಯದು ವರ್ಣಭೇದ. ಕಪ್ಪು ಜನಾಂಗದ ಪುರುಷರಿಗೆ ಪೌರೋಹಿತ್ಯ 1978ರವರೆಗೆ ಸಿಗಲಿಲ್ಲ.

'ಸಂಶಯ ಬಂದರೆ ಬಿಟ್ಟುಬಿಟ್ಟರಾಯಿತಲ್ಲ' ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಅದು ಅಷ್ಟು ಸುಲಭವಲ್ಲ. ಈ ಧರ್ಮ ಭಾನುವಾರದ ಎರಡು ಗಂಟೆಗೆ ಮುಗಿಯುವಂಥದ್ದಲ್ಲ. ಆದಾಯದ ಹತ್ತನೆಯ ಒಂದು ಪಾಲು ಚರ್ಚಿಗೆ ಸಲ್ಲಬೇಕು. ಸ್ಥಳೀಯ ಸಭೆಯನ್ನು ನಡೆಸುವವರು ಸಂಬಳದ ಪಾದ್ರಿಗಳಲ್ಲ. ನೆರೆಮನೆಯ ಶಿಕ್ಷಕ, ಅಂಗಡಿಯವ, ವೈದ್ಯ ಸರದಿಯ ಮೇಲೆ ಆ ಹೊಣೆ ಹೊರುತ್ತಾರೆ. ಹರೆಯದ ಹುಡುಗರು ಎರಡು ವರ್ಷ, ಹುಡುಗಿಯರು ಒಂದೂವರೆ ವರ್ಷ ಧರ್ಮಪ್ರಚಾರಕ್ಕೆ ಹೋಗುವುದುಂಟು. ದೇವಾಲಯದಲ್ಲಿ ಆಗುವ ಮದುವೆಯ ಬಂಧನ ಸಾವಿನಾಚೆಗೂ ಉಳಿಯುತ್ತದೆಂಬ ನಂಬಿಕೆ ಅವರದು. ಆ ದೇವಾಲಯದೊಳಕ್ಕೆ ಚರ್ಚಿನ ಅರ್ಹತಾ ಪತ್ರ ಉಳ್ಳವರಿಗೆ ಮಾತ್ರ ಪ್ರವೇಶ. ಎಂದರೆ, ನಂಬಿಕೆ ಬಿಟ್ಟ ತಾಯಿ ತನ್ನ ಮಗಳ ಧಾರೆಯ ಹೊತ್ತಿನಲ್ಲಿ ಹೊರಗೆ ಕುಳಿತಿರಬೇಕಾಗುತ್ತದೆ. ಈಗ ಹೇಳಿ, ಇದು ಬರೀ ತಲೆಗೆ ಸಂಬಂಧಿಸಿದ ಲೆಕ್ಕವೇ?

ಈ ಇಕ್ಕಟ್ಟಿನಲ್ಲಿ ಸಿಲುಕಿದ ಮೂವರು ಮಹಿಳೆಯರ ಬಾಳನ್ನು ನಿಮ್ಮ ಮುಂದಿಡುತ್ತೇನೆ. ಮೂವರೂ ತಮ್ಮ ಸಮುದಾಯದ ನಿನ್ನೆಗಳನ್ನು ಕಣ್ಣು ಬಿಟ್ಟು ನೋಡಿದವರು. ಆದರೆ ತಲುಪಿದ ಜಾಗ ಮಾತ್ರ ಬೇರೆ ಬೇರೆ.

ಮೊದಲನೆಯವರು ಹ್ವಾನಿಟಾ ಬ್ರೂಕ್ಸ್. 1898ರಲ್ಲಿ ನೆವಾಡಾದ ಒಂದು ಹಳ್ಳಿಯಲ್ಲಿ ಹುಟ್ಟಿದವರು, ಶಾಲಾ ಶಿಕ್ಷಕಿ. ಅವರು ಪಾಠ ಹೇಳುತ್ತಿದ್ದ ಊರಿನಲ್ಲಿ ನೀಫೈ ಜಾನ್ಸನ್ ಎಂಬ ವೃದ್ಧರಿದ್ದರು. ತಾನು ಕಂಡದ್ದೊಂದನ್ನು ಬರೆದುಕೊಳ್ಳಬೇಕೆಂದು ಅವರು ಈ ಯುವ ಶಿಕ್ಷಕಿಯನ್ನು ಕೇಳಿಕೊಂಡರು. ಇಂದು ನಾಳೆ ಎಂದು ದಿನ ಕಳೆಯಿತು. 1919ರಲ್ಲಿ ಅವರ ಹಾಸಿಗೆಯ ಬಳಿಗೆ ಹೋಗುವ ವೇಳೆಗೆ ಕಾಲ ಮಿಂಚಿತ್ತು. ಮರಣಶಯ್ಯೆಯಲ್ಲಿದ್ದ ಮುದುಕರು ರಕ್ತ, ರಕ್ತವೆಂದು ಚೀರುತ್ತಿದ್ದರು. ಕಾರಣ ಕೇಳಿದಾಗ ತಿಳಿದದ್ದಿಷ್ಟು: ಅವರು ಮೌಂಟನ್ ಮೆಡೋಸ್ ಎಂಬಲ್ಲಿ ನಡೆದ ಹತ್ಯಾಕಾಂಡದಲ್ಲಿ ಇದ್ದವರು.

ಏನದು ಹತ್ಯಾಕಾಂಡ? 1857ರಲ್ಲಿ ಅಮೆರಿಕದ ಸೈನ್ಯ ಯೂಟಾದತ್ತ ಹೊರಟಿದೆಯೆಂಬ ಸುದ್ದಿಯಿಂದ ಮಾರ್ಮನರು ಕಂಗಾಲಾಗಿದ್ದರು. ಆ ಹೊತ್ತಿನಲ್ಲಿ ಅರ್ಕನ್ಸಾದಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ವಲಸಿಗರ ಗಾಡಿಗಳು ಆ ದಾರಿಯಲ್ಲಿ ಬಂದವು. ಸೆಪ್ಟೆಂಬರ್ 11ರಂದು ಸ್ಥಳೀಯ ಮಾರ್ಮನ್ ಪಡೆಯವರು ಬಿಳಿಯ ಬಾವುಟ ಹಿಡಿದು, ಕ್ಷೇಮವಾಗಿ ದಾಟಿಸುತ್ತೇವೆಂದು ನಂಬಿಸಿ, ಆ ಜನರನ್ನು ಕೊಂದರು. ಸತ್ತವರು ಸುಮಾರು 120 ಮಂದಿ. ಉಳಿದವರು 17 ಎಳೆಯ ಮಕ್ಕಳು. ತಪ್ಪನ್ನು ಬಹುಕಾಲ ಪಾಯೂಟ್ ಆದಿವಾಸಿಗಳ ತಲೆಗೆ ಕಟ್ಟಲಾಯಿತು. ಶಿಕ್ಷೆಯಾದದ್ದು ಜಾನ್ ಡಿ. ಲೀ ಎಂಬ ಒಬ್ಬನಿಗೆ ಮಾತ್ರ. 1877ರಲ್ಲಿ ಆತನನ್ನು ಗುಂಡಿಟ್ಟು ಕೊಲ್ಲಲಾಯಿತು.

ಬ್ರೂಕ್ಸ್ ಆ ಮುದುಕರ ಕೂಗನ್ನು ಮರೆಯಲಿಲ್ಲ. ಮನೆಗೆಲಸ ಮುಗಿಸಿ ರಾತ್ರಿ ಬರೆಯುತ್ತಿದ್ದರು. ನೆರೆಯವರು ಬಂದರೆ ಇಸ್ತ್ರಿಯ ಬಟ್ಟೆಗಳನ್ನು ಬೆರಳಚ್ಚು ಯಂತ್ರದ ಮೇಲೆ ಹಾಕಿ ಮುಚ್ಚುತ್ತಿದ್ದರಂತೆ! ಚರ್ಚಿನ ಕಚೇರಿಯಲ್ಲಿದ್ದ ಕೆಲವು ದಾಖಲೆಗಳನ್ನು ನೋಡಲು ಅವರಿಗೆ ಅನುಮತಿ ಸಿಗಲಿಲ್ಲ. ಆದರೂ 1950ರಲ್ಲಿ ಅವರ ಗ್ರಂಥವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಹೊರತಂದಿತು. ಪರಿಚಿತರಲ್ಲಿ ಕೆಲವರು ದೂರವಾದರು. ಬ್ರೂಕ್ಸ್ ಮಾತ್ರ ಚರ್ಚನ್ನು ಬಿಡಲಿಲ್ಲ. 1989ರಲ್ಲಿ ತೀರಿಕೊಳ್ಳುವವರೆಗೂ ಸದಸ್ಯರಾಗಿಯೇ ಉಳಿದರು. ತನ್ನವರ ತಪ್ಪನ್ನು ಹೇಳುವುದೂ ತನ್ನವರಿಗೆ ಮಾಡುವ ಸೇವೆಯೇ ಎಂಬುದು ಅವರ ಬಾಳು ತೋರಿಸಿದ ದಾರಿ.

ಎರಡನೆಯವರು ಫಾನ್ ಬ್ರೋಡಿ. 1915ರಲ್ಲಿ ಯೂಟಾದ ಆಗ್ಡನ್‌ನಲ್ಲಿ ಹುಟ್ಟಿದ ಇವರದು ಸಾಮಾನ್ಯ ಮನೆತನವಲ್ಲ. ಇವರ ದೊಡ್ಡಪ್ಪ ಡೇವಿಡ್ ಮೆಕ್‌ಕೇ ಮುಂದೆ ಇಡೀ ಚರ್ಚಿನ ಅಧ್ಯಕ್ಷರಾದವರು. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಓದಿದ ಬ್ರೋಡಿ, 1945ರಲ್ಲಿ ಜೋಸೆಫ್ ಸ್ಮಿತ್‌ನ ಜೀವನಚರಿತ್ರೆಯನ್ನು ಪ್ರಕಟಿಸಿದರು. ಗ್ರಂಥವು ತಗಡುಗಳಿಂದ ಬಂದದ್ದಲ್ಲ, ಪ್ರತಿಭಾವಂತ ಯುವಕನೊಬ್ಬನ ಕಲ್ಪನೆಯಿಂದ ಬಂದದ್ದು ಎಂಬ ತೀರ್ಮಾನಕ್ಕೆ ಬಂದರು. ಮರುವರ್ಷವೇ ಚರ್ಚು ಅವರನ್ನು ಹೊರಹಾಕಿತು. ಅವರು ಹಿಂದಿರುಗಲಿಲ್ಲ. ಪ್ರಾಧ್ಯಾಪಕಿಯಾಗಿ, ಜೀವನಚರಿತ್ರೆಗಳ ಲೇಖಕಿಯಾಗಿ ಹೆಸರು ಗಳಿಸಿ 1981ರಲ್ಲಿ ತೀರಿಕೊಂಡರು. ಅವರ ಪಾಲಿಗೆ ಪ್ರಾಮಾಣಿಕತೆಯೆಂದರೆ ಹೊರಗೆ ನಡೆಯುವುದೇ ಆಗಿತ್ತು.

ಮೂರನೆಯವರು ಲವೀನಾ ಫೀಲ್ಡಿಂಗ್ ಆಂಡರ್‌ಸನ್. ಚರ್ಚಿನ ನಾಯಕರಿಗೂ ವಿದ್ವಾಂಸರಿಗೂ ನಡುವೆ ನಡೆದ ತಿಕ್ಕಾಟಗಳ ವಿವರವನ್ನು ಅವರು 1993ರಲ್ಲಿ ಪ್ರಕಟಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆರು ಮಂದಿ ಲೇಖಕರು ಮತ್ತು ವಿದ್ವಾಂಸರ ಮೇಲೆ ಚರ್ಚು ಶಿಸ್ತುಕ್ರಮ ಜರುಗಿಸಿತು. ಐವರಿಗೆ ಬಹಿಷ್ಕಾರವಾಯಿತು, ಅವರಲ್ಲಿ ಆಂಡರ್‌ಸನ್ ಒಬ್ಬರು. ಮುಂದೇನಾಯಿತು ಗೊತ್ತೇ? ಅವರು ತಮ್ಮ ಸ್ಥಳೀಯ ಸಭೆಗೆ ಹೋಗುವುದನ್ನು ನಿಲ್ಲಿಸಲೇ ಇಲ್ಲ. ಪ್ರಸಾದದ ರೊಟ್ಟಿಯನ್ನು ಮುಟ್ಟುವ ಹಕ್ಕಿರಲಿಲ್ಲ. ಆದರೂ ಮೂವತ್ತು ವರ್ಷ, 2023ರಲ್ಲಿ ಸಾಯುವವರೆಗೆ, ಅದೇ ಬೆಂಚುಗಳ ನಡುವೆ ಕುಳಿತರು. 2019ರಲ್ಲಿ ಮತ್ತೆ ಸೇರಿಸಿಕೊಳ್ಳಬೇಕೆಂಬ ಕೋರಿಕೆ ಹೋದಾಗಲೂ ಒಪ್ಪಿಗೆ ಬರಲಿಲ್ಲ. ಅವರು ಬಿಟ್ಟವರೋ, ಉಳಿದವರೋ? ನೀವೇ ಯೋಚಿಸಿ.

ಈ ನಡುವೆ ಚರ್ಚೂ ಬದಲಾಯಿತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. 2007ರ ಸೆಪ್ಟೆಂಬರ್ 11ರಂದು, ಹತ್ಯಾಕಾಂಡದ ನೂರೈವತ್ತನೆಯ ವರ್ಷದಲ್ಲಿ, ಅದೇ ಬಯಲಿನಲ್ಲಿ ಚರ್ಚಿನ ಹಿರಿಯರೊಬ್ಬರು ನಿಂತು ವಿಷಾದದ ಹೇಳಿಕೆ ಓದಿದರು. 2013ರಿಂದ 2015ರ ನಡುವೆ ಕಷ್ಟದ ಪ್ರಶ್ನೆಗಳ ಮೇಲೆ ಚರ್ಚೇ ಲೇಖನಗಳನ್ನು ಪ್ರಕಟಿಸಿತು. ಪಪೈರಸ್ ತುಣುಕುಗಳ ಬರಹಕ್ಕೂ ಅಬ್ರಹಾಮನ ಗ್ರಂಥಕ್ಕೂ ಹೊಂದಿಕೆಯಿಲ್ಲವೆಂದು ಒಪ್ಪಿಕೊಂಡಿತು. ಆದರೂ ಗ್ರಂಥ ದೈವಪ್ರೇರಿತವೆಂಬ ನಿಲುವನ್ನು ಬಿಡಲಿಲ್ಲ. ಸ್ಥಾಪಕನಿಗೆ ಮೂವತ್ತರಿಂದ ನಲವತ್ತು ಪತ್ನಿಯರಿದ್ದಿರಬಹುದೆಂದೂ, ಅವರಲ್ಲಿ ಒಬ್ಬಳಿಗೆ ಹದಿನೈದು ತುಂಬಿರಲಿಲ್ಲವೆಂದೂ ಬರೆಯಿತು. ವರ್ಣಭೇದವನ್ನು ಸಮರ್ಥಿಸಲು ಹಿಂದೆ ಹೇಳಿದ್ದ ಕಾರಣಗಳನ್ನು ತಳ್ಳಿಹಾಕಿತು.

ಇದರಿಂದ ಎಲ್ಲರಿಗೂ ನೆಮ್ಮದಿಯಾಯಿತೇ? ಇಲ್ಲ. 'ಸತ್ಯವನ್ನು ಒಪ್ಪಿಕೊಂಡರಲ್ಲ' ಎಂದು ಕೆಲವರು ನಿಟ್ಟುಸಿರು ಬಿಟ್ಟು ಉಳಿದರು. ರಿಚರ್ಡ್ ಬುಷ್‌ಮನ್ ಎಂಬ ಹೆಸರಾಂತ ಇತಿಹಾಸಕಾರರು ಸ್ಥಾಪಕನ ದೌರ್ಬಲ್ಯಗಳನ್ನು ಮುಚ್ಚಿಡದೆ 2005ರಲ್ಲಿ ಅವನ ಚರಿತ್ರೆ ಬರೆದೂ ಶ್ರದ್ಧಾವಂತರಾಗಿಯೇ ಇದ್ದಾರೆ. ಇನ್ನು ಕೆಲವರು, 'ಇದನ್ನು ನಮಗೆ ಮೊದಲೇ ಏಕೆ ಹೇಳಲಿಲ್ಲ?' ಎಂದು ನೊಂದು ಹೊರಬಂದರು. ಸ್ವೀಡನ್ನಿನ ಹಾನ್ಸ್ ಮ್ಯಾಟ್ಸನ್ ಎಂಬುವರು ಚರ್ಚಿನಲ್ಲಿ ಉನ್ನತ ಸ್ಥಾನದಲ್ಲಿದ್ದವರು. ತಮ್ಮ ಸಂಶಯಗಳನ್ನು ಅವರು 2013ರಲ್ಲಿ ಪತ್ರಿಕೆಯ ಮುಂದೆ ಹೇಳಿಕೊಂಡಾಗ ಅದು ದೊಡ್ಡ ಸುದ್ದಿಯಾಯಿತು.

ಮಿತ್ರರೇ, ಈ ನೋವನ್ನು ಸ್ವಲ್ಪ ಬಿಡಿಸಿ ನೋಡೋಣ. ಸ್ಥಾಪಕ ಮನುಷ್ಯನೇ ಆಗಿದ್ದ, ತಪ್ಪು ಮಾಡಿದ್ದ ಎಂಬುದನ್ನು ಎಷ್ಟೋ ಜನ ಸಹಿಸಬಲ್ಲರು. ಸಹಿಸಲಾಗದ್ದು ಮುಚ್ಚಿಟ್ಟರೆಂಬ ಭಾವನೆ. ಒಂದು ಸಂಗತಿ ತಂದೆಯ ಬಾಯಿಂದ ಬಂದರೆ ಅದು ಮನೆಯ ಚರಿತ್ರೆ. ಅದೇ ಸಂಗತಿ ಬೀದಿಯಲ್ಲಿ ಕಿವಿಗೆ ಬಿದ್ದರೆ ಅದು ವಂಚನೆ. ಹಿರಿಯರು ಕಲಿಯಬೇಕಾದ ಪಾಠ ಇದು.

ಇನ್ನು ನಿಮ್ಮ ಪಾಲಿನ ಮಾತು. ಇಂಥ ಸಂಶಯ ಯಾವ ಧರ್ಮದವರಿಗೂ, ಯಾವ ಮನೆಯಲ್ಲಿಯೂ ಬರಬಹುದು. ಬಂದಾಗ ಹೆದರಬೇಡಿ, ಆತುರವನ್ನೂ ಪಡಬೇಡಿ. ಮೊದಲು ಸಂಗತಿ ನಿಜವೇ ಎಂದು ನೋಡಿ. ನಂಬಿಕೆಯ ವಿರೋಧಿ ಹೇಳಿದ್ದೆಲ್ಲ ನಿಜವಲ್ಲ, ನಂಬಿಕೆಯವರು ಹೇಳಿದ್ದೆಲ್ಲವೂ ನಿಜವಲ್ಲ. ಸಾಲ್ಟ್ ಲೇಕ್ ನಗರದಲ್ಲಿಯೇ ಮಾರ್ಕ್ ಹಾಫ್‌ಮನ್ ಎಂಬಾತ ಖೋಟಾ ದಾಖಲೆಗಳನ್ನು ಸೃಷ್ಟಿಸಿ ಚರ್ಚಿನವರನ್ನೂ ವಿದ್ವಾಂಸರನ್ನೂ ಮೋಸಗೊಳಿಸಿದ್ದ. ಗುಟ್ಟು ಬಯಲಾಗುವ ಭಯದಿಂದ 1985ರಲ್ಲಿ ಬಾಂಬಿಟ್ಟು ಇಬ್ಬರನ್ನು ಕೊಂದ. ಸಂಶಯವನ್ನೂ ಸಂಶಯದಿಂದ ನೋಡಬೇಕಾಗುತ್ತದೆ. ಆಮೇಲೆ, ಸಂಗತಿ ನಿಜವೆಂದು ತಿಳಿದರೆ ಅದನ್ನು ಅಲ್ಲಗಳೆಯಬೇಡಿ. ಕೊನೆಗೆ, ಅದರಿಂದ ನಿಮ್ಮ ನಂಬಿಕೆಯ ಯಾವ ಭಾಗ ಬೀಳುತ್ತದೆ, ಯಾವುದು ನಿಲ್ಲುತ್ತದೆ ಎಂದು ನೀವೇ ತೂಗಿ ನೋಡಿ. ಆ ತೂಕವನ್ನು ನಿಮ್ಮ ಪರವಾಗಿ ಬೇರೆಯವರು ಮಾಡಲಾರರು.

ಈ ಚರ್ಚು ನಮ್ಮಲ್ಲಿಯೂ ಇದೆ. 1993ರಲ್ಲಿ ಬೆಂಗಳೂರು ಅದರ ಪ್ರಚಾರಕಾರ್ಯದ ಕೇಂದ್ರವಾಯಿತು. 2018ರಲ್ಲಿ ಅಲ್ಲಿ ಭಾರತದ ಮೊದಲ ದೇವಾಲಯ ಕಟ್ಟುವುದಾಗಿ ಘೋಷಣೆಯಾಗಿ, 2020ರಲ್ಲಿ ನೆಲಪೂಜೆ ನಡೆಯಿತು. ನಿಮ್ಮ ತರಗತಿಯಲ್ಲೇ ಆ ಮನೆಯ ಹುಡುಗನೋ ಹುಡುಗಿಯೋ ಇರಬಹುದು. ಬಿಟ್ಟು ಬಂದವರನ್ನು ದ್ರೋಹಿಯೆನ್ನಬೇಡಿ, ಉಳಿದವರನ್ನು ಮೂಢರೆನ್ನಬೇಡಿ. ಬ್ರೂಕ್ಸ್ ಉಳಿದರು, ಬ್ರೋಡಿ ಹೊರಟರು, ಆಂಡರ್‌ಸನ್ ಹೊರಹಾಕಿದ ಮೇಲೂ ಬಂದು ಕುಳಿತರು. ಯಾರೂ ಕಂಡದ್ದನ್ನು ಕಾಣಲಿಲ್ಲವೆಂದು ಹೇಳಲಿಲ್ಲ. ಹೋಗುವುದೋ ಇರುವುದೋ ಅವರವರ ಆಯ್ಕೆ. ಸತ್ಯಕ್ಕೆ ಮುಖ ಕೊಡುವುದು ಮಾತ್ರ ಎಲ್ಲರ ಕರ್ತವ್ಯ.